ನೇರವಾಗಿ ಹೊಡೆದ ನಂಬರು

ನೋಂದಣಿಯಾಗದ ಗಾಡಿ ರಸ್ತೆಗಿಳಿಯುವಂತಿಲ್ಲ. ನೋಂದಣಿಯಾಗಬೇಕಾದರೆ ಅದು ತಪಾಸಣೆಯ ಅಂಗಳಕ್ಕೆ ಹೋಗಿ ನಿಲ್ಲಬೇಕು. ಹಾಗಾಗಿ ನಮ್ಮ ವ್ಯಾನು ಎರಡನೆಯ ಸಲವೂ ಒಂದು ಲಾರಿಯ ಬೆನ್ನೇರಿ ಊರು ದಾಟಿತು. ನಾನೂ ಮೈದುನನೂ ಲಾರಿಯವನ ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದೆವು. ತಿರುವು ಬಂದಾಗಲೆಲ್ಲ ನಾನು ಹಿಂದಿನ ಗಾಜಿನಲ್ಲಿ ಇಣುಕಿ, ವ್ಯಾನಿನ ಚಕ್ರಗಳಿಗೆ ಬಿಗಿದ ಪಟ್ಟಿಗಳನ್ನು ನೋಡುತ್ತಿದ್ದೆ.

"ಬಿಚ್ಕೊಳ್ಳಲ್ಲ ಬಿಡಿ ಅಕ್ಕಾ," ಎಂದ ಲಾರಿಯವನು. "ನೀವು ನೋಡಿದ್ರೂ ಬಿಚ್ಕೊಳ್ಳಲ್ಲ, ನೋಡದಿದ್ರೂ ಬಿಚ್ಕೊಳ್ಳಲ್ಲ."

"ಅಭ್ಯಾಸ," ಎಂದೆ.

"ಕೂಸಿನ ಥರ ಹೊತ್ಕೊಂಡು ತಿರುಗೋದಾಯ್ತು ಇದನ್ನ. ಯಾವಾಗ ಇದು ತನ್ನ ಕಾಲ ಮೇಲೆ ತಾನು ಓಡಾಡೋದು?"

ಮೈದುನ ನಕ್ಕ. ಲಾರಿಯವನಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ, ಆದ್ದರಿಂದ ನಾನೂ ನಕ್ಕಂತೆ ಮಾಡಿದೆ.

ನಮ್ಮವರಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವರದೇ ಗ್ಯಾರೇಜಿನಲ್ಲಿ, ಜಾಕ್ ಜಾರಿ ಗಾಡಿಯೊಂದು ಮೈಮೇಲೆ ಕೂತದ್ದು ಹಳೆಯ ಮಾತು. ಆಮೇಲೆ ಮೂತ್ರಪಿಂಡಗಳೂ ಕೈಕೊಟ್ಟವು. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಹೋಗಬೇಕು. ಈವರೆಗೆ ಆಸ್ಪತ್ರೆಯ ವ್ಯಾನೇ ಬಂದು ಕರೆದೊಯ್ಯುತ್ತಿತ್ತು. ಈ ಶನಿವಾರದಿಂದ ನಮ್ಮ ಕಡೆಗೆ ಬರುವುದಿಲ್ಲ ಎಂದು ಈ ತಿಂಗಳು ಹೇಳಿಬಿಟ್ಟರು. ಗಾಲಿಕುರ್ಚಿಯ ಸಮೇತ ಹತ್ತಿಸಿ, ಕುರ್ಚಿಯನ್ನು ನೆಲಕ್ಕೆ ಬಿಗಿದು ನಿಲ್ಲಿಸುವಂಥ ಗಾಡಿ ಬಾಡಿಗೆಗೆ ಸಿಗುವ ಊರಲ್ಲ ನಮ್ಮದು. ಸ್ವಂತ ಗಾಡಿಯಲ್ಲಿ ತನ್ನಿ, ಇಲ್ಲವೇ ಆಸ್ಪತ್ರೆಯ ಹಿಂಭಾಗದ, ಕಾಯಂ ರೋಗಿಗಳ ವಾರ್ಡಿಗೆ ಸೇರಿಸಿ ಎಂದರು ಆಸ್ಪತ್ರೆಯವರು. ಹಾಸಿಗೆಯನ್ನು ಶನಿವಾರದವರೆಗೆ ಕಾದಿಡುವುದಾಗಿ ಹೇಳಿದ್ದೂ ಅವರ ಮಟ್ಟಿಗೆ ಉಪಕಾರವೇ.

ಆ ವಾರ್ಡನ್ನು ನಾನು ಒಮ್ಮೆ ಹೋಗಿ ನೋಡಿಬಂದಿದ್ದೆ. ಕಿಟಕಿಗಳು ಬಹಳ ಎತ್ತರದಲ್ಲಿವೆ, ಮಲಗಿದವರಿಗೆ ಆಕಾಶ ಬಿಟ್ಟರೆ ಏನೂ ಕಾಣದು. ಬಹಳಷ್ಟು ಜನ ಅದನ್ನೂ ನೋಡದೆ ಗೋಡೆಯ ಕಡೆ ಹೊರಳಿಕೊಂಡಿದ್ದರು. ನೆಲ ಒರೆಸುತ್ತಿದ್ದವಳು ನಾನು ಕೇಳದೆಯೇ ಹೇಳಿದಳು: "ಇಲ್ಲಿಂದ ಮನೆಗೆ ಹೋದೋರ್ನ ನಾನಂತೂ ನೋಡಿಲ್ಲಮ್ಮ." ಈ ಮಾತನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ವ್ಯಾನು ಪಾಸಾದರೆ ಹೇಳುವ ಅಗತ್ಯವೇ ಇರಲಿಲ್ಲ.

ವ್ಯಾನು ಮುಚ್ಚಿಹೋದ ಬಟ್ಟೆ ಗಿರಣಿಯೊಂದರದ್ದು. ಗಿರಣಿಯ ಕಾಂಪೌಂಡಿನೊಳಗೆ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಗಂಟು ಸಾಗಿಸುತ್ತ ಆಯುಷ್ಯ ಕಳೆದದ್ದು. ಗೇಟು ದಾಟಿ ಬೀದಿಗೆ ಬಂದೇ ಇರಲಿಲ್ಲವಾದ್ದರಿಂದ ಅದಕ್ಕೆ ನೋಂದಣಿಯೇ ಆಗಿರಲಿಲ್ಲ. ಮೈದುನ ಅದರ ಚಾವಣಿ ಎತ್ತರಿಸಿದ, ಹಿಂಬಾಗಿಲು ಅಗಲ ಮಾಡಿದ, ಮಡಚಿ ಒಳಗಿಡುವಂಥ ಇಳಿಜಾರು ಹಲಗೆಯನ್ನು ಕಬ್ಬಿಣದಲ್ಲಿ ಮಾಡಿ ಕೂರಿಸಿದ.

ಅವನನ್ನು ಗ್ಯಾರೇಜಿನವರೆಲ್ಲ ಪಾಲಿಶ್ ಎಂದೇ ಕರೆಯುವುದು. ಕೆಲಸವನ್ನೆಲ್ಲ ಅಣ್ಣನ ಕೈಕೆಳಗೆ ಕಲಿತವನು. ಬೆಸುಗೆ ಹಾಕಿದರೆ ಬೆರಳಿಗೆ ಸಿಗದ ಹಾಗೆ ಉಜ್ಜಬೇಕು, ಇಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ನಮ್ಮ ಬಚ್ಚಲುಮನೆಯ ಚಿಲಕದ ಒಳಮೈಯನ್ನೂ, ಯಾರೂ ನೋಡದ ಮೈಯನ್ನು, ಹೊಳೆಯುವಂತೆ ಮಾಡಿಟ್ಟಿದ್ದಾನೆ. "ಎಲ್ಲಿ ಸೇರಿಸಿದೆ ಅಂತ ನಂಗೇ ಗೊತ್ತಾಗಬಾರದು ಅತ್ತಿಗೆ," ಎನ್ನುತ್ತಾನೆ.

ಮೊದಲ ಸಲ ಹೋದಾಗ ಇನ್ಸ್‌ಪೆಕ್ಟರು ಎಲ್ಲವನ್ನೂ ಒಪ್ಪಿದ್ದರು. ಕೊನೆಗೆ ಟಾರ್ಚು ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿ, ಗಾಡಿಯ ಅಡಿಯ ಚೌಕಟ್ಟಾದ ಚಾಸಿಯ ಮೇಲೆ, ಕಾರ್ಖಾನೆಯವರು ಒತ್ತಿದ ನಂಬರಿಗಾಗಿ ಕೈಯಾಡಿಸಿ ಎದ್ದರು. "ನಂಬರೇನೋ ಇದೆ, ಓದಕ್ಕಾಗ್ತಿಲ್ಲ. ತುಕ್ಕು ಮುಚ್ಕೊಂಡಿದೆ. ಸೀಮೆಎಣ್ಣೆ ಹಾಕಿ ತಂತಿ ಬ್ರಶ್ಶಲ್ಲಿ ಉಜ್ಜಿ ತನ್ನಿ. ಅದೊಂದೇ ಬಾಕಿ." ಅದೊಂದೇ ಬಾಕಿ ಎಂಬ ಮಾತನ್ನು ನಾನು ಮನೆಗೆ ಬಂದು ಇವರಿಗೆ ಒಪ್ಪಿಸಿದ್ದೆ. ಅಂದು ಇವರು ಎರಡು ತುತ್ತು ಹೆಚ್ಚು ಉಂಡಿದ್ದರು.

ಲಾರಿಯವನು ವ್ಯಾನನ್ನು ಅಂಗಳದಲ್ಲಿ ಇಳಿಸಿ, ಚಹಾ ಕುಡಿಯಲು ಹೋದ. ತಗಡಿನ ಚಾವಣಿಯ ಕೆಳಗೆ ಗಾಡಿಗಳ ಸಾಲು. ಎಲ್ಲವೂ ಬಾನೆಟ್ಟು ತೆರೆದು, ಹಲ್ಲು ತೋರಿಸಲು ಬಂದ ರೋಗಿಗಳ ಹಾಗೆ ನಿಂತಿದ್ದವು. ನಮ್ಮ ಮುಂದೆ ಹೊಚ್ಚಹೊಸ ಸರಕು ಗಾಡಿಯೊಂದಿತ್ತು. ಇನ್ಸ್‌ಪೆಕ್ಟರು ಆ ಕಡೆಯ ತುದಿಯಲ್ಲಿ ಯಾರದೋ ಬ್ರೇಕು ನೋಡುತ್ತಿದ್ದರು.

ನಾನು ಪ್ರೆಸ್ಸೊಂದರಲ್ಲಿ ಕರಡು ತಿದ್ದುವವಳು. ದಿನವಿಡೀ ಮಾಡುವುದೇ ಅದು: ಪದವನ್ನಲ್ಲ, ಅಕ್ಷರವನ್ನು ನೋಡುವುದು. ಸುಮ್ಮನೆ ನಿಲ್ಲಲಾರದೆ ಒಂದು ಬಟ್ಟೆ ತೆಗೆದುಕೊಂಡು, ದಾರಿಯ ಧೂಳು ಒರೆಸೋಣವೆಂದು ಚಕ್ರದ ಹಿಂದೆ ಕೂತೆ. ಹೊಸ ಕಪ್ಪು ಬಣ್ಣದ ಮೇಲೆ ನಂಬರು ಸ್ಪಷ್ಟವಾಗಿತ್ತು. ಕೈಯಲ್ಲಿದ್ದ ಗಿರಣಿಯ ಕಾಗದ ಹಿಡಿದು ಒಂದೊಂದೇ ಅಂಕಿಯನ್ನು ಹೊಂದಿಸಿದೆ. ತಪ್ಪಿರಲಿಲ್ಲ. ಆದರೂ ಕಣ್ಣು ಅಲ್ಲಿಂದ ಏಳಲಿಲ್ಲ. ಅಂಕಿಗಳ ನಡುವಿನ ಜಾಗ ಎಲ್ಲ ಕಡೆಯೂ ಒಂದೇ. ಆಳವೂ ಒಂದೇ. ಕೆಳಗೆ ಗೆರೆಯಿಟ್ಟು ಬರೆಸಿದ ಹಾಗೆ ಸಾಲು. ಎದ್ದು ಮುಂದಿನ ಹೊಸ ಗಾಡಿಯ ಹತ್ತಿರ ಹೋಗಿ, ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಅದರ ಚಾಸಿಯನ್ನು ನೋಡಿದೆ. ಅಲ್ಲಿ ಒಂದಂಕಿ ಮೇಲಿತ್ತು, ಒಂದು ಕೆಳಗಿತ್ತು, ಒಂದು ಅರ್ಧ ಮಾತ್ರ ಮೂಡಿತ್ತು.

ಹಿಂದಿರುಗಿ ಬಂದು ಮೆಲ್ಲಗೆ ಕೇಳಿದೆ: "ಇದನ್ನ ನೀನು ಹೊಡೆದಿದ್ದಾ?"

ಮೈದುನ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಒರೆಸಿದ್ದನ್ನೇ ಮತ್ತೆ ಒರೆಸಿದ.

"ಬ್ರಶ್ಶಲ್ಲೇ ಶುರು ಮಾಡಿದ್ದು ಅತ್ತಿಗೆ. ತುಕ್ಕು ತಿಂದು ಗುಳಿ ಗುಳಿ ಆಗಿತ್ತು. ಹಾಗೇ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಗ್ರೈಂಡರ್ ಹಿಡಿದೆ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಹೋಗಿ ನೋಡ್ತೀನಿ, ಕನ್ನಡಿ ಥರ ಆಗಿದೆ. ನಂಬರೇ ಇಲ್ಲ."

"ಆಮೇಲೆ?"

"ಅದೇ ನಂಬರು ಅತ್ತಿಗೆ. ಕಾಗದದಲ್ಲಿ ಇರೋದೇ. ಗಿರಣಿಯೋರು ಕೊಟ್ಟಿದ್ದೇ. ಅಂಕಿ ಒತ್ತೋ ಪಂಚ್ ತಂದು, ಗೆರೆ ಎಳ್ಕೊಂಡು ಹೊಡೆದೆ."

"ಗೆರೆ ಎಳ್ಕೊಂಡು."

"ಇಲ್ಲದಿದ್ರೆ ವಾರೆ ಆಗುತ್ತಲ್ಲ."

"ನಿಮ್ಮಣ್ಣಂಗೆ ಹೇಳಿದ್ಯಾ?"

"ಅಣ್ಣಂಗೆ ಮೊದಲೇ ನಿದ್ದೆ ಬರಲ್ಲ. ಹೇಗೆ ಹೇಳ್ಲಿ."

ಅಂಗಳದ ಗೋಡೆಯ ಮೇಲೆ ಸೂಚನೆಗಳ ಫಲಕವಿದೆ. ಯಾರೂ ಓದುವುದಿಲ್ಲ, ನಾನು ಕಳೆದ ಸಲವೇ ಓದಿದ್ದೆ, ಎರಡು ಕಾಗುಣಿತದ ತಪ್ಪುಗಳ ಸಮೇತ. ಚಾಸಿ ನಂಬರನ್ನು ಅಳಿಸುವುದು, ತಿದ್ದುವುದು, ಮತ್ತೆ ಹೊಡೆಯುವುದು ಅಪರಾಧ. ನಂಬರು ಸವೆದುಹೋಗಿದ್ದರೆ ಅರ್ಜಿ ಕೊಡಬೇಕು, ವಿಚಾರಣೆಯಾದ ಮೇಲೆ ಇಲಾಖೆಯೇ ಹೊಸ ನಂಬರು ಹೊಡೆಸಿಕೊಡುತ್ತದೆ. ವಿಚಾರಣೆಗೆ ಎಷ್ಟು ಕಾಲ ಹಿಡಿಯುತ್ತದೆಂದು ಫಲಕದಲ್ಲಿರಲಿಲ್ಲ. ಪಕ್ಕದಲ್ಲಿ ನಿಂತವನೊಬ್ಬ ಅಂದೇ ಹೇಳಿದ್ದ, ಮಳೆಗಾಲ ಕಳೆದು ಮತ್ತೆ ಮಳೆಗಾಲ ಬಂತು, ತನ್ನ ಗಾಡಿ ಇನ್ನೂ ನಿಂತಿದೆ ಎಂದು.

ಇದನ್ನೆಲ್ಲ ಮೈದುನನಿಗೆ ಹೇಳಿದೆ. ಅವನು ಕೇಳಿಸಿಕೊಂಡ. ಆಮೇಲೆ ಉಪಕರಣದ ಚೀಲದ ಕಡೆ ಕಣ್ಣು ಹಾಯಿಸಿದ.

"ಒಂದೆರಡು ಅಂಕಿ ಈಗ್ಲೇ ಸ್ವಲ್ಪ ಕೆಡಿಸಿಬಿಡ್ಲಾ? ಸುತ್ತಿಗೆ ಇದೆ."

ನಾನು ಸುತ್ತಲೂ ನೋಡಿದೆ. ಹಿಂದಿನ ಗಾಡಿಯವನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಬೇಗ ಮಾಡು ಎಂದೆ. ಮೈದುನ ಸುತ್ತಿಗೆ ತೆಗೆದು ಚಕ್ರದ ಹಿಂದೆ ಕೂತ. ಅಂಕಿಯ ಮೇಲೆ ಉಳಿ ಇಟ್ಟ. ತೆಗೆದ. ಮತ್ತೆ ಇಟ್ಟ. ಬಹಳ ಹೊತ್ತು ಹಾಗೇ ಕೂತಿದ್ದು, ಎರಡನ್ನೂ ಚೀಲಕ್ಕೆ ಹಾಕಿದ.

"ಆಗ್ತಿಲ್ಲ ಅತ್ತಿಗೆ. ಕೈ ಬರ್ತಿಲ್ಲ."

ಆಗಲೂ ಲಾರಿಯವನನ್ನು ಕರೆಸಿ ವಾಪಸು ಹೋಗಬಹುದಿತ್ತು. ಮುಂದಿನ ಹೊಸ ಗಾಡಿ ಸರಿದು ಜಾಗವಾಯಿತು. ನನಗೆ ಆ ಎತ್ತರದ ಕಿಟಕಿಗಳು ಕಂಡವು. "ತಳ್ಳು," ಎಂದೆ. ಇಬ್ಬರೂ ಸೇರಿ ವ್ಯಾನನ್ನು ಮುಂದಕ್ಕೆ ತಳ್ಳಿದೆವು.

ಇನ್ಸ್‌ಪೆಕ್ಟರು ವಯಸ್ಸಾದವರು. ಮಂಡಿಗೆ ರಬ್ಬರಿನ ತುಂಡು ಕಟ್ಟಿಕೊಂಡಿದ್ದರು, ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ನನ್ನ ಗುರುತು ಹಿಡಿದು, "ಬಂದ್ರಾ ತಾಯಿ," ಎಂದರು. ದೀಪ ನೋಡಿದರು. ಬ್ರೇಕು ನೋಡಿದರು. ಇಳಿಜಾರು ಹಲಗೆಯನ್ನು ಬಿಚ್ಚಿಸಿ, ಅದರ ಮೇಲೆ ಒಮ್ಮೆ ಹತ್ತಿ ಒಮ್ಮೆ ಇಳಿದರು.

"ಸದ್ದೇ ಬರಲ್ಲವಲ್ರೀ. ಆಸ್ಪತ್ರೆ ಗಾಡಿ ನೋಡಿದೀರಾ? ಕೊಟ್ಟಿಗೆ ಬಾಗಿಲ ಹಾಗೆ ಕಿರುಚುತ್ತೆ. ಯಾರು ಮಾಡಿದ್ದು?"

"ನಾನೇ ಸಾರ್," ಎಂದ ಮೈದುನ.

"ಬೆಸುಗೆ ಎಲ್ಲಪ್ಪ?"

"ಅಲ್ಲೇ ಇದೆ ಸಾರ್. ಕಾಣಲ್ಲ."

"ಯಾರನ್ನ ಕೂರ್ಸಕ್ಕೆ?"

"ನಮ್ಮ ಅಣ್ಣನ್ನ."

ಇನ್ಸ್‌ಪೆಕ್ಟರು ತಲೆದೂಗಿದರು. ಜೇಬಿನಿಂದ ಪೆನ್ಸಿಲ್ಲನ್ನೂ ಅಂಟುಪಟ್ಟಿಯನ್ನೂ ತೆಗೆದು ಕೆಳಗೆ ಕೂತರು. ಚಾಸಿ ನಂಬರಿನ ಮೇಲೆ ಪೆನ್ಸಿಲ್ಲು ಉಜ್ಜಿ, ಅದರ ಮೇಲೆ ಪಟ್ಟಿ ಅಂಟಿಸಿ ಎಬ್ಬಿಸಿದರೆ ನಂಬರಿನ ಅಚ್ಚು ಬರುತ್ತದೆ. ಆ ಅಚ್ಚನ್ನು ಕಡತಕ್ಕೆ ಅಂಟಿಸುತ್ತಾರೆ. ಪಟ್ಟಿಯನ್ನು ಎಬ್ಬಿಸಿ ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿಕೊಂಡರು. ಪೆನ್ಸಿಲ್ಲನ್ನೇ ಅಂಕಿಗಳ ಕೆಳಗೆ ಅಡ್ಡ ಹಿಡಿದು ನೋಡಿದರು. ನಾನು ಅವರ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದೆ. ಪಟ್ಟಿ ಅಲುಗಾಡಲೇ ಇಲ್ಲ.

"ಇದು ಯಾರು ಹೊಡೆದಿದ್ದು?"

ಮೈದುನ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ.

"ಕಾರ್ಖಾನೆಯೋರಿಗೆ ಇಷ್ಟು ಪುರುಸೊತ್ತು ಇರಲ್ಲಪ್ಪ," ಎಂದರು, ಬೈಯುವ ದನಿಯಲ್ಲಲ್ಲ. "ಒಂದು ಹೊಡೀತಿರುವಾಗ್ಲೇ ಮುಂದಿನದು ಬಂದು ನಿಂತಿರುತ್ತೆ. ಎಲ್ಲಾದ್ರೂ ಒಂದಂಕಿ ಕಾಲೆತ್ತಿರುತ್ತೆ. ಇದು ನೋಡು, ಅಂಗಡಿ ಬೋರ್ಡು ಬರೆಸಿದ ಹಾಗಿದೆ."

ಮೈದುನ ಎಲ್ಲವನ್ನೂ ಹೇಳಿಬಿಟ್ಟ. ಗುಳಿಗಳ ವಿಷಯ, ಗ್ರೈಂಡರಿನ ವಿಷಯ, ಗೆರೆ ಎಳೆದದ್ದು. ಗಿರಣಿಯ ಕಾಗದ ಹಿಡಿದು ಅಂಕಿಗಳನ್ನು ಓದಿ ತೋರಿಸಿದ. "ಒಂದೂ ಸುಳ್ಳಿಲ್ಲ ಸಾರ್. ಇದ್ದಿದ್ದನ್ನೇ ವಾಪಸ್ ಇಟ್ಟಿದೀನಿ."

"ಇರಬಹುದು. ನಿನ್ನ ಮುಖ ನೋಡಿದ್ರೆ ನಂಬಬೇಕು ಅನ್ಸುತ್ತೆ. ಆದ್ರೆ ಇದರ ಕೆಳಗೆ ಏನಿತ್ತು ಅಂತ ನಾನು ಏನಂತ ಬರೀಲಿ? ಕದ್ದ ಗಾಡಿಯೋರೂ ಕಾಗದ ಇಟ್ಕೊಂಡೇ ಬರ್ತಾರೆ, ಹೀಗೇ ಹೊಡ್ಕೊಂಡು ಬರ್ತಾರೆ. ಇಷ್ಟು ಚೆನ್ನಾಗಿ ಹೊಡೆಯಲ್ಲ, ಅಷ್ಟೇ ವ್ಯತ್ಯಾಸ."

"ಹೋದ ಸಲ ನೀವೇ ನೋಡಿದ್ರಿ ಸಾರ್."

"ನೋಡಿದೆ. ಓದಕ್ಕಾಗಲಿಲ್ಲ ಅಂತ ನಾನೇ ಸಹಿ ಹಾಕಿದೀನಿ." ಅವರು ಪಟ್ಟಿಯನ್ನು ಜೋಪಾನವಾಗಿ ಒಂದು ಹಾಳೆಗೆ ಅಂಟಿಸಿ ನನ್ನ ಕಡೆ ತಿರುಗಿದರು. "ಅರ್ಜಿ ನಿಮ್ಮ ಹೆಸರಲ್ಲಿದೆ. ನಿಮಗೆ ಗೊತ್ತಿತ್ತಾ?"

"ಅತ್ತಿಗೆಗೆ ಏನೂ ಗೊತ್ತಿಲ್ಲ ಸಾರ್," ಎಂದ ಮೈದುನ ತಕ್ಷಣ. "ಅವರು ಪ್ರೆಸ್ಸಲ್ಲಿ ಕೂತು ಓದೋ ಕೆಲಸ ಮಾಡೋರು."

"ನಾನು ಅವರನ್ನ ಕೇಳಿದ್ದು."

ಇಬ್ಬರನ್ನೂ ಹಿಡಿದಿಟ್ಟುಕೊಂಡರೆ ಮಧ್ಯಾಹ್ನ ಮನೆಯಲ್ಲಿ ಇವರ ಮಗ್ಗುಲು ಬದಲಿಸುವವರು ಯಾರು? ಪಕ್ಕದ ಮನೆಯ ಹೆಂಗಸು ಊಟದ ಹೊತ್ತಿನ ತನಕ ಇರುತ್ತೇನೆಂದು ಒಪ್ಪಿದ್ದಳು, ಆಮೇಲೆ ಅವಳಿಗೂ ಮನೆಯಿದೆ. ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದೆ. ಒಂದು ಪದ ತೆಗೆದೆ. ಆಮೇಲೆ ಹೇಳಿದೆ.

"ಇವನು ನಂಬರು ಹೊಡೆಯುವಾಗ ನಾನು ಅಲ್ಲಿರಲಿಲ್ಲ. ಹೊಡೆದ ಮೇಲೂ ಇವನಾಗಿ ನನಗೆ ಹೇಳಲಿಲ್ಲ."

ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ಇನ್ಸ್‌ಪೆಕ್ಟರು ಅದನ್ನು ಹಾಗೆಯೇ ಬರೆದುಕೊಂಡರು. ಮೈದುನ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದ. ಬೆಸುಗೆ ಬೆರಳಿಗೆ ಸಿಗದ ಹಾಗೆ ಕೂತಾಗ ಅವನು ತಲೆಯಾಡಿಸುವುದು ಹಾಗೆಯೇ.

ವ್ಯಾನನ್ನು ವಶಕ್ಕೆ ತೆಗೆದುಕೊಂಡರು. ಅಂಗಳದ ಹಿಂಭಾಗದಲ್ಲಿ ಅಂಥ ಗಾಡಿಗಳಿಗೆಂದೇ ಒಂದು ಜಾಗವಿದೆ. ಕೆಲವುಗಳ ಎಂಜಿನ್ನಿನೊಳಗಿಂದ ಗಿಡ ಎದ್ದಿತ್ತು. ನಮ್ಮದನ್ನು ತಳ್ಳಿಕೊಂಡು ಹೋಗಿ ಅವುಗಳ ನಡುವೆ ನಿಲ್ಲಿಸಿದವನೂ ಮೈದುನನೇ. ನಿಲ್ಲಿಸಿದ ಮೇಲೆ ಚಕ್ರಗಳು ಸೊಟ್ಟಗಿವೆ ಎಂದು ಸ್ಟಿಯರಿಂಗ್ ನೇರ ಮಾಡಲು ನೋಡಿದ. ಅಷ್ಟರಲ್ಲಿ ಬಾಗಿಲುಗಳಿಗೆ ತಂತಿ ಹಾಕಿ ಅರಗು ಒತ್ತಿಬಿಟ್ಟಿದ್ದರು.

ಸ್ಟೇಷನ್ನಿನಿಂದ ಇಬ್ಬರು ಪೊಲೀಸರು ಬಂದರು. ಸಭ್ಯವಾಗಿಯೇ ಕರೆದರು. ಜೀಪು ಹತ್ತುವ ಮೊದಲು ಅವನು ನನ್ನ ಹತ್ತಿರ ಬಂದ.

"ಅಣ್ಣನ್ನ ಎತ್ತುವಾಗ ಎಡಗೈ ಮೊದ್ಲು ಕುತ್ತಿಗೆ ಕೆಳಗೆ ಹಾಕಿ ಅತ್ತಿಗೆ. ಬಲಗೈ ಆಮೇಲೆ. ಉಲ್ಟಾ ಮಾಡಿದ್ರೆ ಭಾರ ಪೂರ್ತಿ ನಿಮ್ಮ ಸೊಂಟಕ್ಕೆ ಬರುತ್ತೆ."

"ನಂಗೊಬ್ಬಳಿಗೇ ಆಗಲ್ಲ ಕಣೋ."

"ಗೊತ್ತು," ಎಂದ. ಜೀಪು ಹತ್ತಿದ.

ಲಾರಿಯವನು ಬಾಯಿ ಒರೆಸಿಕೊಳ್ಳುತ್ತ ಬಂದ. "ಏನಕ್ಕಾ, ಕೂಸಿಗೆ ಕಾಲು ಬಂತಾ?" ಎಂದು ಕೇಳಿದವನು ನನ್ನ ಮುಖ ನೋಡಿ, ಹೋಗಿ ಲಾರಿ ಸ್ಟಾರ್ಟ್ ಮಾಡಿದ. ಹಿಂದಿನ ಗಾಜಿನಲ್ಲಿ ಈಗ ನೋಡಲು ಏನೂ ಇರಲಿಲ್ಲ. ಖಾಲಿ ಹಾಸಿನ ಮೇಲೆ ಬಿಚ್ಚಿದ ಪಟ್ಟಿಗಳು ಕುಣಿಯುತ್ತಿದ್ದವು.

ಇವರು ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರವೇ ಇದ್ದರು. ಬೆಳಿಗ್ಗೆ ತಮ್ಮ ಎತ್ತಿ ಕೂರಿಸಿ, ಗಡ್ಡ ಮಾಡಿ ಹೋಗಿದ್ದ. ಮಲಗಿಸುತ್ತೇನೆಂದು ಪಕ್ಕದ ಮನೆಯವಳು ಎಷ್ಟು ಹೇಳಿದರೂ ಒಪ್ಪಲಿಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

"ಲಾರಿ ಸದ್ದು ಕೇಳಿಸ್ತು. ಪಾಸಾಗಿದ್ರೆ ಲಾರಿ ಯಾಕೆ ಬರುತ್ತೆ?"

ಹೇಳಿದೆ. ತಮ್ಮ ಎಲ್ಲಿದ್ದಾನೆ ಎಂಬುದನ್ನು ಕೊನೆಗೆ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿಸಿಕೊಂಡರು.

"ಗೆರೆ ಎಳ್ಕೊಂಡು ಹೊಡೆದ್ನಾ?"

"ಹೂಂ."

ಅವರ ಎದೆ ಅಲುಗಾಡಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ನಗು ಕೆಮ್ಮಾಗಿ, ನಾನು ಬೆನ್ನು ನೀವಬೇಕಾಯಿತು. "ನಾನೇ ಕಲಿಸಿದ್ದು ಕಣೇ. ಚಿಕ್ಕೋನಿದ್ದಾಗ ಒಂದಂಕಿ ವಾರೆ ಹೊಡೆದ್ರೆ ಬೆರಳ ಗೆಣ್ಣಿಗೆ ಕೊಡ್ತಿದ್ದೆ. ಮತ್ತೆ ಹೊಡಿ, ಮತ್ತೆ ಹೊಡಿ ಅಂತಿದ್ದೆ." ಆಮೇಲೆ ಬೇರೆ ದನಿಯಲ್ಲಿ ಹೇಳಿದರು: "ಅವನು ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು. ಸೀಮೆಎಣ್ಣೆ ಬಟ್ಟೆ ಸುತ್ತಿಟ್ಟು ಮಲ್ಕೋ, ಬೆಳಿಗ್ಗೆ ಹೊತ್ತಿಗೆ ತಾನಾಗೇ ಬಿಡುತ್ತೆ ಅಂತಿದ್ದೆ. ಇಲ್ಲೇ ಇದ್ನಲ್ಲ ನಾನು. ಎಲ್ಲಿಗೆ ಹೋಗಿದ್ದೆ?"

ನಿಮ್ಮ ನಿದ್ದೆ ಕೆಡಬಾರದೆಂದು ಕೇಳಲಿಲ್ಲ ಎನ್ನಲು ಹೋಗಿ ಬಿಟ್ಟೆ.

"ನಿನ್ನನ್ನೇನೂ ಕೇಳಲಿಲ್ವಾ?"

"ಕೇಳಿದ್ರು."

"ಏನಂದೆ?"

ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಎಷ್ಟೋ ವರ್ಷ ಗಾಡಿಗಳ ಕೆಳಗೆ ಮಲಗಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿದ ಕಣ್ಣುಗಳು.

"ಸರಿಯಾಗೇ ಹೇಳಿದೀಯ," ಎಂದರು. "ಬ್ಯಾಗು ಕೆಳಗಿಳಿಸು. ದಪ್ಪ ಹೊದಿಕೆ ಹಾಕು, ಅಲ್ಲಿ ಚಳಿ ಇರುತ್ತಂತೆ."

ಅಲ್ಲಿ ಚಳಿಯೆಂದು ಅವರಿಗೆ ಯಾರು ಹೇಳಿದರೋ. ನಾನಂತೂ ಹೇಳಿರಲಿಲ್ಲ.

ಶನಿವಾರದ ತನಕ ಮೈದುನ ಬಿಡುಗಡೆಯಾಗಿ ಬರಲಿಲ್ಲ. ವಾರ್ಡಿಗೆ ಸೇರಿಸುವುದಾದರೆ ಮಾತ್ರ ಆಸ್ಪತ್ರೆಯವರು ಗಾಡಿ ಕಳಿಸುತ್ತಾರೆ, ಕಳಿಸಿದರು. ಬಂದವರಿಬ್ಬರೂ ಇಳಿಜಾರು ಹಲಗೆಯನ್ನು ಎಳೆದಾಗ ಅದು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಪಕ್ಕದ ಮನೆಯವಳು ಕಿವಿ ಮುಚ್ಚಿಕೊಂಡಳು. ಇವರು ಕುರ್ಚಿಯಲ್ಲಿ ಹಿಮ್ಮುಖವಾಗಿ ಏರುತ್ತ, "ಕೇಳಿಸ್ಕೊಂಡ್ಯಾ?" ಎಂದು ನನ್ನನ್ನು ಕೇಳಿದರು. ಹೂಂ ಎಂದೆ.

ವಾರ್ಡಿನಲ್ಲಿ ನರ್ಸು ಮಂಚದ ಪಕ್ಕ ನಿಂತು ಒಂದೊಂದಾಗಿ ಕೇಳುತ್ತ ಹೋದಳು. ವಯಸ್ಸು, ಔಷಧ, ಯಾವುದಾದರೂ ಒಗ್ಗುವುದಿಲ್ಲವೇ. ಕೊನೆಗೆ, "ಮನೆಗೆ ಕಳಿಸೋ ಹಾಗಾದ್ರೆ ಕರ್ಕೊಂಡು ಹೋಗೋರು ಯಾರಾದ್ರೂ ಇದ್ದಾರಾ? ಗಾಡಿ ಇದೆಯಾ?"

ಇವರು ಆಗಲೇ ಗೋಡೆಯ ಕಡೆ ಮುಖ ಮಾಡಿದ್ದರು. ಹೊರಳಿದ್ದು ಅವರಲ್ಲ, ಮಲಗಿಸಿದವರು ಹಾಗೆ ಮಲಗಿಸಿದ್ದರು. ಆದರೆ ಕಿವಿ ಇತ್ತ ಇತ್ತು, ನನಗೆ ಗೊತ್ತು.

"ಇದ್ದಾರೆ, ಇವರ ತಮ್ಮ," ಎಂದೆ. "ಗಾಡಿಯೂ ಇದೆ."

ನರ್ಸು ಬರೆದುಕೊಂಡಳು.